ಹಿಟ್ಟು ಬಳಿದ ಕಲ್ಲು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಮೊದಲ ಬೈಕು ಬಂದು ನಿಂತಿತು. ಆಗ ನನ್ನ ಒಂಬತ್ತನೇ ತರಗತಿಯ ಮಕ್ಕಳು ಪಕ್ಕದೂರಿನ ಹೊಲದ ಬದುವಿನ ವೀರಗಲ್ಲಿಗೆ ಜೋಳದ ಹಿಟ್ಟು ಬಳಿಯುತ್ತಿದ್ದರು. ಸವೆದ ಅಕ್ಷರದ ಗೀರುಗಳಲ್ಲಿ ಹಿಟ್ಟು ನಿಂತರೆ ಓದಲು ಬರುತ್ತದೆ. ಬಾಗಳಿ, ನೀಲಗುಂದದ ಗುಡಿಗಳನ್ನು ನೋಡಲು ದೂರದಿಂದಲೂ ಬರುತ್ತಾರೆ. ಹೊಲದ ಕಲ್ಲುಗಳನ್ನು ಕೇಳುವವರಿಲ್ಲ. ಅವುಗಳನ್ನು ಮಕ್ಕಳೇ ಓದಿ ಬರೆಯುವುದು ಆ ವರ್ಷದ ನಮ್ಮ ಇತಿಹಾಸದ ಪ್ರಾಜೆಕ್ಟ್. ಕೊನೆಯ ಸಾಲು ಮಣ್ಣಿನಲ್ಲಿ ಹೂತಿತ್ತು. ಇಬ್ಬರು ಸಣ್ಣ ಗುದ್ದಲಿಯಿಂದ ಕೆರೆಯುತ್ತಿದ್ದರು. ಊಟಕ್ಕೆ ತಂದ ನಿಂಬೆಹಣ್ಣುಗಳು ಕಲ್ಲಿನ ಬುಡದಲ್ಲೇ ಬಿದ್ದಿದ್ದವು.

ಹಿಟ್ಟು, ನಿಂಬೆಹಣ್ಣು, ಅಗೆತ. ನಿಧಿಯಾಸೆಗೆ ಹಳೆಯ ಗುಡಿಗಳನ್ನು ಅಗೆಯುವ ಕಳ್ಳರ ಸುದ್ದಿ ಕೇಳಿ ಕೇಳಿ ರೋಸಿದ ಊರು. ನೋಡನೋಡುತ್ತ ಜನ ಸೇರಿದರು. ನಾವು ಬಂದಿದ್ದ ಟಂಟಂ ಆಟೋಗೆ ಟ್ರ್ಯಾಕ್ಟರ್ ಅಡ್ಡ ನಿಂತಿತು.

"ನಿಧಿ ತೆಗಿಯಾಕ ಬಂದೀರಿ. ಬಲಿಗೆ ಯಾವ ಕೂಸ್ನ ತಂದೀರಿ ಮೇಡಂ?" ಎಂದ, ಹೆಗಲ ಮೇಲೆ ಹಸಿರು ಟವೆಲಿನವನೊಬ್ಬ. ನಾನು ಹೇಳಿದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಅವನು ಎಸೆದ ಕಲ್ಲು ನನ್ನ ಕಿವಿಯ ಪಕ್ಕ ಹಾದು ವೀರಗಲ್ಲಿಗೆ ಬಡಿಯಿತು. ಈಗಲೂ ಅಡುಗೆಮನೆಯಲ್ಲಿ ಮುಚ್ಚಳ ಬಿದ್ದರೆ ಸಾಕು, ಮನಸ್ಸಿನಲ್ಲೇ ಮಕ್ಕಳನ್ನು ಎಣಿಸತೊಡಗುತ್ತೇನೆ.

ಹಿಟ್ಟು ಮೆತ್ತಿದ ಕೈಯ ಹುಡುಗಿಯೊಬ್ಬಳು ಅಳುತ್ತಲೇ ಮುಂದೆ ಬಂದಳು. "ಕಾಕಾ, ಇದು ದನ ಬಿಡಿಸಾಕ ಹೋಗಿ ಸತ್ತ ನಿಮ್ಮೂರವನ ಕಲ್ಲು ರಿ. ಓದ್ಲೇನು?"

ಅವಳು ಓದಿದಳು. ಜನ ದಾರಿ ಬಿಟ್ಟರು, ಮತ್ತೆ ಬರಬೇಡಿ ಎಂದರು.

ಪುಸ್ತಕದಲ್ಲಿದ್ದಷ್ಟು ಹೇಳಿದರೆ ಸಾಕು, ಊರ ಉಸಾಬರಿ ಬೇಡ ಎಂದರು ಹೆಡ್‌ಮಾಸ್ತರರು. ಆಗುವುದಿಲ್ಲ ಎಂದೆ. ಈಗ ಬಿಟ್ಟರೆ, ಕಲ್ಲು ಎಸೆದವನ ಮಾತೇ ಕೊನೆ ಎಂಬುದೊಂದೇ ಈ ಮಕ್ಕಳು ಕಲಿಯುವ ಇತಿಹಾಸ. ಅವರ ತಂದೆತಾಯಿಯರ ಮನೆಮನೆಗೆ ಹೋಗಿ ಒಪ್ಪಿಸಿದೆ. ಆ ಊರ ಗುಡಿಯ ಮೈಕಿನಲ್ಲೇ ಹೇಳಿಸಿದೆ: ಗುರುವಾರ ಮಕ್ಕಳು ಬರುತ್ತಾರೆ, ಹಿಟ್ಟು ಬಳಿಯುತ್ತಾರೆ, ಬುಡ ಕೆರೆಯುತ್ತಾರೆ, ಬಂದು ನೋಡಿರಿ. ಈ ಸಲವೂ ಊಟಕ್ಕೆ ನಿಂಬೆಹಣ್ಣು ತೆಗೆದುಕೊಂಡೇ ಹೋದೆವು.

ಹಸಿರು ಟವೆಲಿನವನೂ ಬಂದ. ಕ್ಷಮೆ ಕೇಳಲಿಲ್ಲ; ನಾನೂ ನಗಲಿಲ್ಲ. ಕೊನೆಯ ಸಾಲು ಕಂಡಿತು: ಕಲ್ಲು ನಿಲ್ಲಿಸಿದವಳು ಸತ್ತವನ ತಂಗಿ. ಮೇಲಿನ ಸಾಲಿನಲ್ಲಿ ಒಂದು ಅಕ್ಷರದ ಚೂರು ಹೊಸದಾಗಿ ಹಾರಿಹೋಗಿತ್ತು. ಹುಡುಗಿ ಅದನ್ನೂ ಚಾರ್ಟಿನಲ್ಲಿ ಬಿಡಿಸಿ, ಈ ವರ್ಷ ಕಲ್ಲೇಟಿನಿಂದ ಒಡೆದದ್ದು ಎಂದು ಬರೆದಳು.

"ಅದನ್ನೂ ಬರಿತೀ ಏನವ್ವಾ?" ಎಂದ ಅವನು.

"ಹೂನ್ರಿ ಕಾಕಾ. ಇದೂ ಇತಿಹಾಸನ ಅಲ್ರಿ."

ಅವನು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ಕಲ್ಲು ಹಾರಿಬಂದ ದಿನದಿಂದ ರಾತ್ರಿ ಬೆಚ್ಚಿ ಎದ್ದು ಕೂರುತ್ತಿದ್ದ ನಾನು ಆ ಗುರುವಾರ ಮಧ್ಯೆ ಒಮ್ಮೆಯೂ ಏಳಲಿಲ್ಲ. ಕಣ್ಣು ಬಿಟ್ಟಾಗ ಬೆಳಗಾಗಿತ್ತು.