ಅಪ್ಪನ ದನಿಯಿದ್ದ ಕ್ಯಾಸೆಟ್ಟು

ಹೋದ ತಿಂಗಳು ನನ್ನ ಹಳೆಯ ಮೊಬೈಲನ್ನು ಪರಿಚಯದ ಹುಡುಗಿಯೊಬ್ಬಳಿಗೆ ಕೊಡುವ ಮುಂಚೆ ಅಂಗಡಿಗೆ ಒಯ್ದಿದ್ದೆ. ಅಲ್ಲಿಯವನು ‘ಎಲ್ಲಾ ಅಳಿಸ್ಬಿಡ್ಲಾ ಮೇಡಂ?’ ಎಂದು ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಒತ್ತಿಯೂ ಬಿಟ್ಟ. ಎರಡು ನಿಮಿಷ ಹಿಡಿಯಿತೋ ಇಲ್ಲವೋ. ಅವನ ಮೇಲೆ ಸುಮ್ಮನೆ ರೇಗಿ ಮನೆಗೆ ಬಂದೆ. ಅವನ ತಪ್ಪೇನೂ ಇರಲಿಲ್ಲ. ಇನ್ನೊಬ್ಬರಿಗೆ ಕೊಡುವ ವಸ್ತುವಿನಿಂದ ನಮ್ಮದನ್ನು ಅಳಿಸುವ ಕೆಲಸವನ್ನು ನಾನು ಹಿಂದೆ ಒಂದೇ ಒಂದು ಸಲ ಮಾಡಿದ್ದೆ. ಅದಕ್ಕೆ ಅರ್ಧ ಗಂಟೆ ಹಿಡಿದಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ಅಪ್ಪ ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟನಾಗಿದ್ದ. ಏಜೆಂಟ್ ಎಂದರೆ ಕುರ್ಚಿ ಮೇಜು ಏನೂ ಇಲ್ಲ. ಬಸ್ಸು ಬಂದು ನಿಂತ ಕೂಡಲೇ ಬಾಗಿಲ ಬಳಿ ನಿಂತು ಊರುಗಳ ಹೆಸರು ಕೂಗಬೇಕು, ಜನ ಹತ್ತಿಸಬೇಕು, ಹೊತ್ತಾದರೆ ಡ್ರೈವರಿಗೆ ಶಿಳ್ಳೆ ಹಾಕಬೇಕು. ‘ಶಿರಾಳಕೊಪ್ಪ, ಸೊರಬ, ಸಾಗರ’ ಎಂದು ಅಪ್ಪ ಕೂಗಿದರೆ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿದ್ದ ನಮ್ಮ ಮನೆಗೆ ಕೇಳುತ್ತಿತ್ತು. ಆನವಟ್ಟಿ ಬಸ್ಸು ಬಂದಾಗ ಮಾತ್ರ ‘ಆನವಟ್ಟೀ’ ಎಂದು ಕೊನೆಗೆ ಎಳೆಯುತ್ತಿದ್ದ. ಅವ್ವ ಆ ಎಳೆತ ಕೇಳಿಯೇ ಅನ್ನಕ್ಕೆ ಇಡುತ್ತಿದ್ದಳು. ನಮ್ಮ ಮನೆಗೆ ಗಡಿಯಾರದ ಅಗತ್ಯ ಬಿದ್ದದ್ದು ಅಪ್ಪನ ಗಂಟಲು ಹೋದಮೇಲೆ.

ತಂಬಾಕು ಅವನ ಗಂಟಲು ತಿಂದಿತು. ದನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದಮೇಲೆ ಮಾತು ಬರುವುದಿಲ್ಲ, ಕತ್ತಿನಲ್ಲಿ ಇಡುವ ತೂತಿನಿಂದಲೇ ಉಸಿರಾಟ ಎಂದು ದಾವಣಗೆರೆಯ ಡಾಕ್ಟರು ಹೇಳಿದರು. ಹೊರಡುವ ಹಿಂದಿನ ದಿನ ಅವ್ವ ಮನೆಯ ಟೇಪ್ ರೆಕಾರ್ಡರ್ ಎದುರಿಗಿಟ್ಟು ಏನಾದರೂ ಮಾತಾಡಿ ಎಂದಳು. ಸಾವಿರ ಜನರ ನಡುವೆ ಕೂಗುತ್ತಿದ್ದ ಮನುಷ್ಯ ಆ ಡಬ್ಬಿಯ ಮುಂದೆ ಹೊಸ ಮದುಮಗಳ ಹಾಗೆ ತಲೆ ತಗ್ಗಿಸಿ ಕೂತ. ಕೊನೆಗೆ ಊರುಗಳ ಹೆಸರು ಕೂಗಿದ. ಅವ್ವನನ್ನು, ಅಕ್ಕನನ್ನು, ನನ್ನನ್ನು ಒಬ್ಬೊಬ್ಬರನ್ನೂ ಬಾಗಿಲಿಂದ ಕರೆಯುವ ಹಾಗೆ ಹೆಸರು ಹಿಡಿದು ಕರೆದ. ನನ್ನ ಹೆಸರನ್ನು ಎರಡು ಸಲ ಕರೆದ. ಮೊದಲ ಸಲ ಕರೆದರೆ ನಾನು ಓ ಎನ್ನುವವಳಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆಮೇಲೆ ಸಾಕು ಬಂದ್ ಮಾಡಿ ಎಂದು ಬೈದು ನಕ್ಕ. ದನಿ ಆಗಲೇ ಸ್ವಲ್ಪ ಒಡೆದಿತ್ತು, ಆದರೂ ಅಪ್ಪನದೇ. ಅದರ ಮೇಲೆ ಯಾರೂ ಅಪ್ಪಿತಪ್ಪಿ ಹಾಡು ತುಂಬಿಸಬಾರದೆಂದು ಕ್ಯಾಸೆಟ್ಟಿನ ಬೆನ್ನಿನ ಪುಟ್ಟ ಪ್ಲಾಸ್ಟಿಕ್ ಚೂರನ್ನು ನಾನೇ ಪಿನ್ನಿನಿಂದ ಮುರಿದು ಹಾಕಿದೆ. ಅದನ್ನು ಮುರಿದರೆ ರೆಕಾರ್ಡ್ ಮಾಡುವ ಕೆಂಪು ಗುಂಡಿ ಒತ್ತಲು ಬರುವುದಿಲ್ಲ.

ಆಪರೇಷನ್ ಆದಮೇಲೆ ಅಪ್ಪ ಕತ್ತಿಗೆ ಒಂದು ಬಿಳಿ ಬಟ್ಟೆ ಕಟ್ಟಿಕೊಂಡು, ಸ್ಲೇಟು ಹಿಡಿದುಕೊಂಡು ಜಗಲಿಯ ಮೇಲೆ ಕೂತ. ಬಂದವರೆಲ್ಲ ಕಿವುಡನೊಡನೆ ಮಾತಾಡುವ ಹಾಗೆ ಗಟ್ಟಿಯಾಗಿ ಮಾತಾಡುತ್ತಿದ್ದರು. ಅವನು ಬಳಪದಲ್ಲಿ ಎರಡು ಅಕ್ಷರ ಬರೆಯುವುದರೊಳಗೆ ‘ಗೊತ್ತಾತು ಬಿಡ್ರೀ’ ಎಂದು ತಾವೇ ಮುಗಿಸಿಬಿಡುತ್ತಿದ್ದರು. ಹೊರಗಿನವರನ್ನು ದೂರಿ ಏನು ಬಂತು, ಎಲ್ಲರಿಗಿಂತ ಹೆಚ್ಚು ಹಾಗೆ ಮಾಡುತ್ತಿದ್ದವಳು ನಾನೇ. ಅವನು ‘ನೀ’ ಎಂದು ಬರೆದರೆ ನೀರು ತಂದಿಡುತ್ತಿದ್ದೆ. ಅವನು ‘ನೀನು ಊಟ ಮಾಡಿದೆಯಾ’ ಎಂದು ಕೇಳಬೇಕೆಂದಿದ್ದ ಎನ್ನುವುದು ಆಮೇಲೆ ತಿಳಿಯುತ್ತಿತ್ತು. ನೀರನ್ನು ಕುಡಿದು ಸುಮ್ಮನಾಗುತ್ತಿದ್ದ.

ಒಮ್ಮೆ ನೆಂಟರು ಬಂದಿದ್ದಾಗ ಯಾರೋ ಆ ಕ್ಯಾಸೆಟ್ಟು ಹಾಕಿದರು. ಒಳಗಿಂದ ‘ಸೊರಬ, ಸಾಗರ’ ಎಂದು ಕೇಳಿದ್ದೇ ತಡ, ಜಗಲಿಯಲ್ಲಿದ್ದ ಅಪ್ಪ ಎದ್ದು ಚಪ್ಪಲಿಯನ್ನೂ ಮೆಟ್ಟದೆ ನಡೆದುಬಿಟ್ಟ. ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ಸಂಜೆ ಬಂದು ಸ್ಲೇಟಿನ ಮೇಲೆ ‘ಅದನ್ನ ಅಳಿಸು’ ಎಂದು ಬರೆದು ನನ್ನ ಮುಂದೆ ಹಿಡಿದ. ನಾನು ಹೂಂ ಎಂದು ಹೇಳಿ ಕ್ಯಾಸೆಟ್ಟನ್ನು ಅಕ್ಕಿ ಡಬ್ಬದೊಳಗೆ ಬಚ್ಚಿಟ್ಟೆ. ಚಿಕ್ಕಂದಿನಿಂದಲೂ ನಾನು ಹಾಗೆಯೇ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಅವ್ವ ದಿನಕ್ಕೆ ಒಂದು ಸಲವಾದರೂ ನನ್ನನ್ನು ಆಡಿಕೊಳ್ಳುತ್ತಿದ್ದಳು.

ಅಕ್ಕನನ್ನು ಸೊರಬದಾಚೆ ಉಳವಿಗೆ ಕೊಟ್ಟಿತ್ತು. ಚೊಚ್ಚಲ ಹೆರಿಗೆಗೆ ಬಂದಿದ್ದಳು, ಹೆಣ್ಣು ಮಗು. ಬಾಣಂತನ ಮುಗಿಸಿ ಮಗು ಸಮೇತ ಗಂಡನ ಮನೆಗೆ ಕಳಿಸುವ ದಿನ ಹತ್ತಿರ ಬಂತು. ತೊಟ್ಟಿಲು, ಸೀರೆ, ಮಗುವಿಗೆ ಬೆಳ್ಳಿ ಕಾಲ್ಗಡಗ ಎಲ್ಲ ಆಯಿತು. ಟೇಪ್ ರೆಕಾರ್ಡರನ್ನೂ ಕೊಡೋಣ, ಮಗು ಹಾಡು ಕೇಳಿಕೊಂಡು ಮಲಗುತ್ತದೆ ಎಂದು ಅವ್ವ ಅಂದಳು. ಅಕ್ಕನಿಗೆ ಟೇಪಿಗಿಂತ ಆ ಕ್ಯಾಸೆಟ್ಟಿನ ಮೇಲೇ ಕಣ್ಣು. ‘ಕೂಸು ಅಜ್ಜನ ದನಿ ಕೇಳ್ಕಂಡು ಬೆಳೀಲಿ’ ಎಂದು ಅವ್ವನ ಹತ್ತಿರ ಹೇಳಿದ್ದಳಂತೆ.

ಅಪ್ಪನಿಗೆ ಅದು ಹೇಗೋ ಗೊತ್ತಾಯಿತು. ಆ ಮಧ್ಯಾಹ್ನ ಅಕ್ಕ, ಅವ್ವ ಇಬ್ಬರೂ ಹಿತ್ತಲಲ್ಲಿ ಮಗುವಿಗೆ ಎರೆಯುತ್ತಿದ್ದರು. ಅಪ್ಪ ನನ್ನನ್ನು ಒಳಗೆ ಕರೆದು ಕೂರಿಸಿ ಬರೆಯತೊಡಗಿದ. ನಾನು ಅಭ್ಯಾಸದಂತೆ ನಡುವೆ ಬಾಯಿ ಹಾಕಿದೆ. ಅವನು ಬಳಪ ಹಿಡಿದ ಕೈಯನ್ನೇ ಎತ್ತಿ ನಿಲ್ಲು ಎಂದ. ಆಮೇಲೆ ಪೂರ್ತಿ ಬರೆದ. ಸ್ಲೇಟು ತುಂಬಿತು. ಬೀಗರ ಮನೆಯಲ್ಲಿ ಹೋಗಿಬರುವವರಿಗೆಲ್ಲ ಹಾಕಿ ತೋರಿಸುತ್ತಾರೆ, ಪಾಪ ಹೀಗೆ ಕೂಗುತ್ತಿದ್ದನಂತೆ ಎನ್ನುತ್ತಾರೆ, ನನಗದು ಬೇಡ, ನನ್ನ ದನಿ ಹೋಯಿತು, ಹೋಗಲಿ, ಕೊಡುವ ಮುಂಚೆ ಅಳಿಸಿ ಕೊಡು, ಇದೊಂದು ಮಾತು ನಡೆಸು ಎಂದಿತ್ತು. ‘ಇದೊಂದು’ ಎನ್ನುವುದರ ಕೆಳಗೆ ಗೆರೆ ಎಳೆದಿದ್ದ. ತೋರಿಸಿ, ಸ್ಲೇಟು ಒರೆಸಿಕೊಂಡು, ಬಸ್ ಸ್ಟ್ಯಾಂಡಿನ ಕಡೆ ಹೊರಟುಹೋದ.

ನಾನು ಅಕ್ಕಿ ಡಬ್ಬದಿಂದ ಕ್ಯಾಸೆಟ್ಟು ತೆಗೆದು ಎದುರಿಗಿಟ್ಟುಕೊಂಡು ಕೂತೆ. ಸ್ಟ್ಯಾಂಡಿನ ಪಕ್ಕದ ರೆಕಾರ್ಡಿಂಗ್ ಅಂಗಡಿಗೆ ಒಯ್ದರೆ ಇನ್ನೊಂದು ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದ. ಎದ್ದೂ ಎದ್ದೆ. ಆದರೆ ಅಂಗಡಿಯವನು ತುಂಬಿಸುವಾಗ ಹೊರಗಿನ ಸ್ಪೀಕರ್ ಪೆಟ್ಟಿಗೆಯಲ್ಲಿ ದೊಡ್ಡದಾಗಿ ಹಾಕಿರುತ್ತಾನೆ. ಅಪ್ಪ ಅಲ್ಲೇ ಎಲ್ಲೋ ಬೆಂಚಿನ ಮೇಲೆ ಕೂತಿರುತ್ತಾನೆ. ಹೊಸ ಏಜೆಂಟ್, ಡ್ರೈವರು, ಕಡಲೆಕಾಯಿ ಮಾರುವವಳು ಎಲ್ಲ ತಿರುಗಿ ಅವನನ್ನೇ ನೋಡುತ್ತಾರೆ. ಮತ್ತೆ ಕೂತೆ. ದನಿ ಹೋದ ದಿನದಿಂದ ಈ ಮನೆಯಲ್ಲಿ ಅವನದೊಂದು ಮಾತೂ ನಡೆದಿಲ್ಲ, ಏನು ತಿನ್ನಬೇಕು, ಎಲ್ಲಿ ಮಲಗಬೇಕು ಎಲ್ಲವನ್ನೂ ನಾವೇ ಹೇಳುತ್ತೇವೆ, ಈಗ ದನಿ ಯಾರಿಗೆ ಸೇರಬೇಕೆನ್ನುವುದನ್ನೂ ನಾವೇ ಹೇಳುವುದೇ ಎನ್ನಿಸಿತು. ಹುಟ್ಟಿದಾಗಿನಿಂದ ಅವನ ಮಾತು ಮೀರಿಕೊಂಡೇ ಬಂದವಳಿಗೆ ಅವತ್ತು ಅದೇಕೆ ಆ ಬುದ್ಧಿ ಬಂತೋ. ಅಪ್ಪನ ಹಳೆಯ ಅಂಗಿಯ ಜೇಬಿನಲ್ಲಿ ಒಂದು ಬಸ್ ಟಿಕೆಟ್ಟು ಸಿಕ್ಕಿತು. ಅದನ್ನು ಮಡಿಸಿ ಕ್ಯಾಸೆಟ್ಟಿನ ಬೆನ್ನಿನ ತೂತಿಗೆ ತುರುಕಿದೆ. ಒತ್ತಿದರೆ ಕೆಂಪು ಗುಂಡಿ ಕೂತಿತು.

ಆಗ ಅಳಿಸುವುದು ಎಂದರೆ ಅದರ ಮೇಲೆ ಬರಿದನ್ನು ತುಂಬಿಸುವುದು. ದನಿ ಎಷ್ಟು ಹೊತ್ತಿನದೋ ಅಷ್ಟು ಹೊತ್ತು ಕಾಯಬೇಕು. ಅಪ್ಪ ಮಾತಾಡಿದ್ದು ಹತ್ತು ನಿಮಿಷವಿದ್ದೀತು. ಆಮೇಲೂ ಎಲ್ಲಾದರೂ ಒಂದು ಕೆಮ್ಮು ಉಳಿದಿದ್ದರೆ ಎಂದು ಒಂದು ಬದಿ ಪೂರ್ತಿ ಓಡಿಸಿದೆ. ಟೇಪಿನೊಳಗೇ ಮೈಕು ಇದ್ದದ್ದರಿಂದ ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಹಿತ್ತಲಲ್ಲಿ ಮಗು ಅತ್ತದ್ದು, ಅವ್ವ ನೀರು ಹೊಯ್ದದ್ದು, ಬೀದಿಯಲ್ಲಿ ಸೈಕಲ್ ಬೆಲ್ಲು, ಅದೆಲ್ಲ ಒಳಗೆ ಹೋಗುತ್ತಿತ್ತು, ಅಪ್ಪ ಹೊರಗೆ ಹೋಗುತ್ತಿದ್ದ. ನಡುವೆ ಯಾವಾಗ ಬೇಕಾದರೂ ನಿಲ್ಲಿಸಬಹುದಿತ್ತು. ಈಗ ನನ್ನ ಹೆಸರು ಹೋಗಿರಬೇಕು ಎಂದು ಲೆಕ್ಕ ಹಾಕಿದೆ. ನಿಲ್ಲಿಸಲಿಲ್ಲ.

ಅಕ್ಕ ಹೊರಡುವ ದಿನ ನಾನು ಟೇಪನ್ನು ಒರೆಸಿ, ಒಳಗೆ ಕ್ಯಾಸೆಟ್ಟಿಲ್ಲದೆ ಖಾಲಿಯೇ ಡಬ್ಬಿಗೆ ಹಾಕಿದ್ದೆ. ಅವ್ವನಿಗೆ ಅದು ಸರಿಬರಲಿಲ್ಲ. ನಮ್ಮಲ್ಲಿ ಹೆಣ್ಣುಮಗಳಿಗೆ ಕೊಡುವ ಬಿಂದಿಗೆಯಾಗಲಿ ಬುಟ್ಟಿಯಾಗಲಿ ಬರಿದಾಗಿ ಕೊಡುವುದಿಲ್ಲ, ಒಂದು ಹಿಡಿ ಅಕ್ಕಿಯನ್ನೋ ಒಂದು ಅಚ್ಚು ಬೆಲ್ಲವನ್ನೋ ಹಾಕಿ ಕೊಡುತ್ತಾರೆ. ಟೇಪಿಗೆ ಅಕ್ಕಿ ಹಾಕಲಿಕ್ಕಾಗುತ್ತದೆಯೇ. ಮೇಜಿನ ಮೇಲಿದ್ದ ಆ ಕ್ಯಾಸೆಟ್ಟನ್ನೇ ಅವ್ವ ಒಳಗೆ ಸೇರಿಸಿ ಮುಚ್ಚಿದಳು, ಅಪ್ಪನ ದನಿ ಅದರಲ್ಲಿದೆ ಎಂದು ಅಕ್ಕನ ಕಿವಿಯಲ್ಲಿ ಊದಿಯೂ ಬಿಟ್ಟಳು. ಅಳಿಸಿದ ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ.

ಉಳವಿಯಲ್ಲಿ ಅಕ್ಕ ಅತ್ತೆ, ಮಾವ, ಪಕ್ಕದ ಮನೆಯವರನ್ನೆಲ್ಲ ಕೂರಿಸಿಕೊಂಡು ನಮ್ಮಪ್ಪ ಹೇಗೆ ಕೂಗುತ್ತಿದ್ದ ಕೇಳಿ ಎಂದು ಕ್ಯಾಸೆಟ್ಟು ಹಾಕಿದಳಂತೆ. ಬರೀ ಸುಯ್ ಎನ್ನುವ ಸದ್ದು. ನಡುವೆ ನೀರು ಹೊಯ್ಯುವುದು, ಅವಳದೇ ಮಗು ಅಳುವುದು. ಅವಳ ಅತ್ತೆ ತಮಾಷೆಗೆ, ತವರಿನವರು ಗಾಳಿ ತುಂಬಿ ಕಳಿಸಿದ್ದಾರೆ ಎಂದರಂತೆ. ಮಾರನೆಯ ವಾರವೇ ಅಕ್ಕ ಮಗುವನ್ನು ಎತ್ತಿಕೊಂಡು ಬಸ್ಸಿಳಿದು ನೇರ ಅಡುಗೆಮನೆಗೆ ಬಂದಳು. ಅಪ್ಪನೇ ಅಳಿಸು ಎಂದದ್ದು ಎಂದರೆ ನಂಬಲಿಲ್ಲ.

‘ಯಾವತ್ ಕೇಳಿದ್ಯೆ ನೀನು ಅಪ್ಪನ ಮಾತ್ನ, ಅವತ್ ಕೇಳಕ್ಕೆ? ಒಳ್ಳೇದನ್ನ ನೀನಿಟ್ಕಂಡು ನಂಗೆ ಖಾಲೀದ್ ಕೊಟ್ಟಿದೀಯ.’

ಸುಮ್ಮನಿರಬಹುದಿತ್ತು. ಅಳಬಹುದಿತ್ತು, ಅಳು ಬೇಕಾದಷ್ಟಿತ್ತು. ಆದರೆ ನನ್ನ ನಾಲಿಗೆ ನನ್ನದೇ. ‘ಹೂಂ, ಇಟ್ಕಂಡಿದೀನಿ. ಏನೀಗ? ನಿಂಗ್ ಕೊಡಲ್ಲ’ ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಕ ಸಂಜೆಯ ಬಸ್ಸಿಗೇ ಹೊರಟುಹೋದಳು. ಅವಳನ್ನು ಕಳಿಸಲು ಹೊರಗೆ ಬಂದಾಗ ಅಪ್ಪ ಅಡುಗೆಮನೆಯ ಕಿಟಕಿಯ ಕೆಳಗೆ, ಜಗಲಿಯ ಆ ತುದಿಯಲ್ಲಿ ಕೂತಿದ್ದ. ನನ್ನನ್ನು ನೋಡಿ ಏನೂ ಬರೆಯಲಿಲ್ಲ. ಕೋಪವೂ ಕಾಣಲಿಲ್ಲ. ನನಗೆ ಅದು ವಿಚಿತ್ರವೆನ್ನಿಸಲಿಲ್ಲ, ಅಷ್ಟು ದಡ್ಡಿ ನಾನು.

ಒಂದೂವರೆ ವರ್ಷ ಕಳೆಯಿತು. ಅಕ್ಕ ಅಷ್ಟರಲ್ಲಿ ಬಂದುಹೋಗುವುದನ್ನು ಮತ್ತೆ ಶುರುಮಾಡಿದ್ದಳು, ನನ್ನೊಡನೆ ಮಾತ್ರ ಬೇಕಾದಷ್ಟೇ ಮಾತು. ಮಗುವಿಗೆ ಮಾತು ಬಂದಿತ್ತು. ಅಂಗಳದ ಕೋಳಿಗೂ ಹೆಸರಿಟ್ಟು ಕರೆಯುತ್ತಿತ್ತು, ಆದರೆ ಅಜ್ಜನ ಹತ್ತಿರ ಮಾತ್ರ ಹೋಗುತ್ತಿರಲಿಲ್ಲ. ಕತ್ತಿನ ಬಟ್ಟೆ ಕಂಡರೆ, ಅದರ ಹಿಂದಿನ ಸೀಟಿಯಂಥ ಉಸಿರು ಕೇಳಿದರೆ ಅಮ್ಮನ ಸೆರಗಿನೊಳಗೆ ಮುಖ ಹುದುಗಿಸುತ್ತಿತ್ತು. ಅಪ್ಪ ಬಾಳೆಹಣ್ಣು ತೋರಿಸಿ ಕೈಚಾಚುತ್ತಿದ್ದ. ಮಗು ದೂರದಿಂದಲೇ ತಲೆಯಾಡಿಸುತ್ತಿತ್ತು.

ಆ ಸಲ ಬರುವಾಗ ಟೇಪ್ ರೆಕಾರ್ಡರ್ ತರಬೇಕೆಂದು ಅಪ್ಪ ಅಕ್ಕನಿಗೆ ಕಾರ್ಡು ಬರೆದು ಹಾಕಿದ್ದನಂತೆ. ಅವಳು ತಂದಳು. ಬೆಳಗಿನ ತಿಂಡಿ ಮುಗಿದಮೇಲೆ ಅಪ್ಪ ತಾನೇ ಅದನ್ನು ಜಗಲಿಯ ಮೇಲಿಟ್ಟು, ಧೂಳು ಒರೆಸಿ, ವೈರು ಎಳೆದು, ಮಗುವನ್ನು ಎದುರಿಗೆ ಕೂರಿಸುವಂತೆ ಅಕ್ಕನಿಗೆ ಸನ್ನೆ ಮಾಡಿದ. ಆಮೇಲೆ ಚಪ್ಪಾಳೆ ತಟ್ಟಿ ನನ್ನನ್ನು ಕರೆದ. ನಾನು ಕೈ ಒರೆಸಿಕೊಳ್ಳುತ್ತ ಬಂದೆ. ಸ್ಲೇಟಿನಲ್ಲಿ ಆಗಲೇ ಬರೆದಿಟ್ಟುಕೊಂಡಿದ್ದ.

‘ನೀನು ಇಟ್ಕಂಡಿರೋ ಕ್ಯಾಸೆಟ್ ತಗಂಬಾ. ಇವಳಿಗೆ ನನ್ನ ದನಿ ಕೇಳಿಸು. ನಿಂಗೆ ಬಯ್ಯಲ್ಲ.’

ಅಕ್ಕನೂ ನನ್ನ ಮುಖ ನೋಡಿದಳು, ಅಷ್ಟು ದಿನದ ಸಿಟ್ಟು ಬಿಟ್ಟು, ಇವತ್ತಾದರೂ ಕೊಡೆ ಎಂದು ಮೆಲ್ಲಗೆ ಕೇಳಿದಳು. ಇಲ್ಲ ಎಂದೆ. ಅವತ್ತೇ ಅಳಿಸಿದೆ, ಅಕ್ಕನಿಗೆ ಹೇಳಿದ್ದು ಸಿಟ್ಟಿನ ಸುಳ್ಳು ಎಂದೆ. ಅಪ್ಪ ಸದ್ದಿಲ್ಲದೆ ನಕ್ಕ, ನಿನ್ನ ಆಟ ನನಗೆ ಗೊತ್ತು ಎನ್ನುವ ಹಾಗೆ ಬೆರಳು ಆಡಿಸಿದ, ಹೋಗು ತಾ ಎಂದು ಒಳಕ್ಕೆ ಕೈ ತೋರಿಸಿದ. ನಾನು ದೇವರಾಣೆ ಇಲ್ಲಪ್ಪ ಎಂದೆ. ನಗು ಸ್ವಲ್ಪ ಹೊತ್ತು ಹಾಗೇ ಇತ್ತು. ಬಳಪ ತೆಗೆದುಕೊಂಡು ಬಹಳ ನಿಧಾನವಾಗಿ ಬರೆದ. ನಾನು ಈ ಸಲ ನಡುವೆ ಬಾಯಿ ಹಾಕದೆ ಪೂರ್ತಿ ಕಾದೆ.

‘ನೀನು ನನ್ನ ಮಾತು ಕೇಳಲ್ಲ ಅಂತ ನಂಬಿದ್ದೆ.’

ಒಂದೂವರೆ ವರ್ಷ ಅವನು ಅವತ್ತು ಕಿಟಕಿಯ ಕೆಳಗೆ ಕೂತು ಕೇಳಿಸಿಕೊಂಡ ನನ್ನ ಸುಳ್ಳಿನ ಮೇಲೆ ನೆಮ್ಮದಿಯಾಗಿದ್ದ. ಮನೆಯಲ್ಲಿ ಎಲ್ಲೋ ಒಂದು ಡಬ್ಬದಲ್ಲಿ ತನ್ನ ದನಿ ಇದೆ, ತನ್ನ ಮಾತು ಕೇಳದ ಮಗಳು ಅದನ್ನು ಕಾಯ್ದಿಟ್ಟಿದ್ದಾಳೆ ಎಂದುಕೊಂಡು ದಿನ ದೂಡಿದ್ದ. ಬೇಡ ಎಂದದ್ದೂ ಅವನೇ, ಉಳಿದಿರಲಿ ಎಂದು ಆಸೆಪಟ್ಟದ್ದೂ ಅವನೇ. ಇದನ್ನು ಯಾರ ಮುಂದೆ ಒಯ್ದು ನ್ಯಾಯ ಕೇಳಲಿ? ಮಗು ಬೇಸರವಾಗಿ ಟೇಪಿನ ಗುಂಡಿಗಳನ್ನು ಒಂದೊಂದಾಗಿ ಒತ್ತುತ್ತಿತ್ತು. ಅಕ್ಕ ಅದನ್ನು ಎತ್ತಿಕೊಂಡು ಒಳಗೆ ಹೋದಳು.

ಮುಂದಿನ ಮಳೆಗಾಲ ಅಪ್ಪ ತೀರಿಕೊಂಡ. ಆ ಎಂಟೊಂಬತ್ತು ತಿಂಗಳಲ್ಲಿ ಕ್ಯಾಸೆಟ್ಟಿನ ಸುದ್ದಿಯನ್ನು ಮತ್ತೆ ಬರೆಯಲಿಲ್ಲ. ಅಳಿಸಿದೆ ಎಂಬ ನನ್ನ ಮಾತನ್ನು ಅವನು ಸಾಯುವವರೆಗೆ ನಂಬಿದನೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಹೊರಗಿನಿಂದ ಬಂದಾಗಲೆಲ್ಲ ಜಗಲಿಯಿಂದ ತಲೆಯೆತ್ತಿ, ಮುಖ ನೋಡುವ ಮುಂಚೆ ನನ್ನ ಕೈ ನೋಡುತ್ತಿದ್ದ.