ಬೈರಪ್ಪನ ವಾಲುವ ಬಕೆಟ್ಟು

ಹನ್ನೆರಡು ವರ್ಷ ಗುದ್ದಲಿ ಹಿಡಿದು ಮೋರಿ ತೆಗೆದ ಕೆಂಗೇರಿಯ ಬೈರಪ್ಪ ಎಪ್ಪತ್ತೆಂಟನೇ ಇಸವಿಯಲ್ಲಿ ಅಗೆಯುವ ಮೆಷಿನ್ನಿನ ಡ್ರೈವರ್ ಆದ ನೋಡಿ, ಅವನ ನಡಿಗೆಯೇ ಬದಲಾಯಿತು. ಆ ಮೆಷಿನ್ನಿನ ಮಣ್ಣು ಬಾಚುವ ಬಕೆಟ್ಟು ಎಡಕ್ಕೂ ಬಲಕ್ಕೂ ವಾಲುತ್ತಿತ್ತು. ಮಳೆಗಾಲಕ್ಕೆ ಮುಂಚೆ ತನ್ನದೇ ಬೀದಿಯ ಮೋರಿಯ ಹೂಳೆತ್ತಿ, ನೀರು ಮೋರಿಗೆ ಇಳಿಯುವಂತೆ ಬೀದಿಯ ಮಣ್ಣನ್ನು ಓರೆಯಾಗಿ ಸವರಿದ.

ಅವನಿಗೆ ಗುದ್ದಲಿ ಕೆಲಸ ಕಲಿಸಿದ್ದ, ಅದೇ ಬೀದಿಯ ಲಿಂಗಮ್ಮ ಚೊಂಬು ತಂದಳು. "ನೀರು ಹುಯ್ದು ನೋಡಾನ ಕಣ್ಲಾ."

"ಮೆಷಿನ್ ಕೆಲ್ಸಕ್ಕೂ ಚೊಂಬಿನ ಪರೀಕ್ಷೆನಾ ಅತ್ತೆ? ಹುಯ್ಯಿ, ಹುಯ್ಯಿ!" ಎಂದು ನಕ್ಕ.

ಈ ತುದಿಯಲ್ಲಿ ಹುಯ್ದ ನೀರು ಮೋರಿಗೆ ಇಳಿಯಿತು. ಆ ತುದಿಯಲ್ಲಿ ಹುಯ್ದದ್ದು ಸೀದಾ ಲಿಂಗಮ್ಮನ ಹೊಸಿಲಿಗೇ ಹೋಯಿತು. ಅರ್ಧ ಬೀದಿ ಮುಗಿಸಿ, ಆ ತುದಿಯಿಂದ ಮೆಷಿನ್ನನ್ನು ಎದುರುಮುಖ ಮಾಡಿಕೊಂಡು ಬಂದವನು, ಮೋರಿ ಈಗ ತನ್ನ ಇನ್ನೊಂದು ಬದಿಗೆ ಬಂದಿದ್ದರೂ, ಬಕೆಟ್ಟಿನ ಓರೆ ಬದಲಿಸುವುದನ್ನೇ ಮರೆತಿದ್ದ.

"ವಾಲಿದ್ದು ಬಕೆಟ್ಟಲ್ಲ ಬೈರಣ್ಣ, ನಿನ್ ತಲೆ!" ಎಂದು ಯಾರೋ ಕೂಗಿದರು.

"ಮಳೆ ಬಂದಿದ್ರೆ ನನ್ ರಾಗಿ ಮೂಟೆ ನೆನೀತಿತ್ತಲ್ಲಪ್ಪಾ" ಎಂದಷ್ಟೇ ಅಂದಳು ಲಿಂಗಮ್ಮ. ಬೈರಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಣ್ಣನ್ನು ಮತ್ತೆ ಸವರಿ, ಕೆಳಗಿಳಿದು, ತಾನೇ ಚೊಂಬು ಕೇಳಿ ಪಡೆದು ಅವಳ ಹೊಸಿಲ ಮುಂದೆ ನೀರು ಹುಯ್ದ.

"ಮೋರಿಗೇ ಹೋಯ್ತು ಬಿಡ್ಲಾ, ತಲೆ ಎತ್ತು" ಅಂದಳು.

ಅವನು ಎತ್ತಲಿಲ್ಲ.