ಹಿಂದಿನ ಬಾಗಿಲು ಬೇಡ ಎಂದವನು

ಗೋಣಿಬೀಡಿನ ಆಚೆ ನಮ್ಮೂರ ಶಾಲೆಗೆ ಹೊಸ ಕಟ್ಟಡ ಮಂಜೂರಾದಾಗ ನಾನು ಶಾಲಾ ಸಮಿತಿಯಲ್ಲಿದ್ದೆ. ಏಳನೇ ಕ್ಲಾಸಿಗೇ ಓದು ಬಿಟ್ಟವನು ನಾನು; ಮಗಳು ಅಲ್ಲಿ ಓದುತ್ತಿದ್ದಳೆಂದು ಸೇರಿಸಿಕೊಂಡಿದ್ದರು. ನನ್ನ ತಂಗಿ ಅಲ್ಲಿ ಬಿಸಿಯೂಟದ ಅಡುಗೆಯವಳು.

ಇಂಜಿನಿಯರ್ ನಕ್ಷೆ ಬಿಡಿಸಿ ತೋರಿಸುತ್ತಿದ್ದಾಗ ಕಾಫಿ ಕೊಡಲು ಬಂದ ತಂಗಿ ಅಲ್ಲೇ ನಿಂತಳು.

"ಸಾರ್, ಹಿಂದೊಂದು ಬಾಗಿಲು ಇಡಿ. ಆನೆ ತಿರುಗೋ ಊರಿದು. ಎದುರಿಗೇ ಬಂದು ನಿಂತ್ರೆ ಮಕ್ಕಳನ್ನ ಎಲ್ಲಿಂದ ಕಳಿಸೋದು?"

ಶಾಲೆಯ ಹಿಂದೆ ಇರುವುದು ನನ್ನ ಕಣ. ಕೊಯ್ಲಿನ ಕಾಲದಲ್ಲಿ ಕಾಫಿಹಣ್ಣು ಒಣಗಲು ಹರಡುವುದು ಅಲ್ಲೇ. ಬಾಗಿಲಿಟ್ಟರೆ ಮಕ್ಕಳು ದಿನಾ ತುಳಿದುಕೊಂಡು ಓಡಾಡುತ್ತಾರೆ ಎಂದುಕೊಂಡೆ. ಹಾಗೆಂದು ಹೇಳಲು ನಾಚಿಕೆಯಾಯಿತು.

"ಬಾಗಿಲು ಜಾಸ್ತಿಯಾದ್ರೆ ಕಾಯೋರು ಯಾರು ಸಾರ್? ಮಕ್ಕಳ ಭದ್ರತೆಗೆ ಒಂದೇ ಬಾಗಿಲು ಒಳ್ಳೇದು," ಎಂದೆ. ತಂಗಿಯ ಕಡೆ ತಿರುಗಿ, "ನೀನು ಸಾರಿಗೆ ಉಪ್ಪು ಹಾಕಿದ್ಯಾ ನೋಡು ಹೋಗೇ," ಎಂದೆ.

ಎಲ್ಲರೂ ನಕ್ಕರು. ಅವಳು ಲೋಟಗಳನ್ನು ಎತ್ತಿಕೊಂಡು ಹೋದಳು.

ಎದುರಿಗೆ ಒಂದೇ ಬಾಗಿಲಿಟ್ಟು ಕಟ್ಟಡ ಎದ್ದಿತು. ಕಳೆದ ಕೊಯ್ಲಿನಲ್ಲಿ ಆನೆ ಬಂತು. ಅನ್ನ ಬೇಯುವ ವಾಸನೆಗೋ ಏನೋ, ಶಾಲೆಯ ಜಗುಲಿ ಎದುರೇ ನಿಂತು ಕಂಬಕ್ಕೆ ತಲೆ ಒತ್ತುತ್ತಿತ್ತು. ಕಣದಲ್ಲಿ ಕಾಫಿ ಮಗುಚುತ್ತಿದ್ದ ನಾನು ಓಡಿ ಹೋದೆ. ಹಿಂಬದಿಯ ಕಿಟಕಿಯ ಸರಳುಗಳ ಆಚೆ ತಂಗಿಯಿದ್ದಳು, ಸುತ್ತ ಮಕ್ಕಳು. ಅಳುವವರ ಬಾಯಿಗೆ ಸೆರಗು ಅದುಮಿದ್ದಳು. ನನ್ನ ಮಗಳು ಸರಳಿನ ಸಂದಿಯಿಂದ ಕೈ ಹೊರಗೆ ಚಾಚಿದಳು. ಆ ಕೈ ಹಿಡಿದು ನಿಂತೆ. ನನ್ನಿಂದಾದದ್ದು ಅಷ್ಟೇ. ತಂಗಿ ನನ್ನ ಬೆನ್ನ ಹಿಂದಿನ ಕಣದ ಕಡೆ ಒಮ್ಮೆ ನೋಡಿದಳು. ಒಂದು ಮಗುವಿನ ಹೆಜ್ಜೆಯೂ ಬೀಳದ ಕಾಫಿ.

ಅರಣ್ಯ ಇಲಾಖೆಯವರು ಬಂದು ಪಟಾಕಿ ಹೊಡೆದ ಮೇಲೆ ಆನೆ ಹೋಯಿತು. ಯಾರಿಗೂ ಏನೂ ಆಗಲಿಲ್ಲ.

ಮುಂದಿನ ಸಭೆಯಲ್ಲಿ, ಹಿಂದಿನ ಗೋಡೆ ಒಡೆದು ಬಾಗಿಲಿಡೋಣ ಎಂದೆ.

"ಒಂದೇ ಸಾಕು ಅಂದಿದ್ದು ನೀವೇ ಅಲ್ವ ಮಾರಾಯ್ರೆ? ಈಗ ನೋಡಿ, ಆನೆಗೂ ಒಳಗೆ ಬರಕ್ಕಾಗ್ಲಿಲ್ಲ. ನಿಮ್ಮ ತಲೆಯೇ ತಲೆ!" ಎಂದು ಅಧ್ಯಕ್ಷರು ಬೆನ್ನು ತಟ್ಟಿದರು.

ಮಕ್ಕಳಿಗಾಗಿ ಅಲ್ಲ, ನನ್ನ ಕಾಫಿಗಾಗಿ ಹಾಗೆ ಹೇಳಿದ್ದೆ ಎಂದು ಒಂದು ಮಾತು ಆಡಿದ್ದರೆ ಅವರು ಒಪ್ಪುತ್ತಿದ್ದರೇನೋ. ತಂಗಿ ಲೋಟಗಳ ತಟ್ಟೆ ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಅಧ್ಯಕ್ಷರ ಕಡೆ ತಿರುಗಿ ಹಲ್ಲು ಕಿರಿದೆ. ಅವಳು ಹತ್ತಿರ ಬಂದು, "ತಗೋ ಅಣ್ಣ, ಆರತ್ತೆ," ಎಂದು ಲೋಟವನ್ನು ಕೈಗಿತ್ತಳು.

ಆ ಗೋಡೆಯಲ್ಲಿ ಇವತ್ತಿಗೂ ಬಾಗಿಲಿಲ್ಲ. ತಂಗಿ ದಿನಾ ಅಲ್ಲೇ ಅಡುಗೆ ಮಾಡುತ್ತಾಳೆ.